ನರದ ಗಂಟು: ಗಾಜಿನ ಮೇಲೆ ಕಂಡ ವಿಕಾರವೆಲ್ಲ ಕ್ಯಾನ್ಸರ್ ಅಲ್ಲ

(ಬಾಗಲಕೋಟೆಯ ನವನಗರದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅವನ್ನು ಮಾತಿನಲ್ಲೇ ಹೇಳಲು ನೋಡಿದ್ದೇನೆ.)

ಎಲ್ಲರಿಗೂ ಶರಣು.

ಆಪರೇಷನ್ ಆದಮೇಲೆ ಡಾಕ್ಟರು "ಗಂಟು ತೆಗೆದೇವಿ, ಟೆಸ್ಟಿಗೆ ಕಳಿಸೇವಿ, ರಿಪೋರ್ಟ್ ಬರಲಿ" ಅಂತಾರೆ. ಆ ಗಂಟು ಬರುವುದು ನನ್ನಂಥವರ ಟೇಬಲ್ಲಿಗೆ. ನಾನು ಪೆಥಾಲಜಿ ಡಾಕ್ಟರ್. ರೋಗಿಯನ್ನು ನಾವು ನೋಡುವುದು ತೀರಾ ಕಡಿಮೆ. ಅವರ ಮೈಯ ಒಂದು ಚೂರು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಆ ಚೂರು ನೋಡಿ ಬರೆಯುವ ಎರಡು ಸಾಲಿನ ಮೇಲೆ ಅವರ ಮುಂದಿನ ಚಿಕಿತ್ಸೆ ನಿಂತಿರುತ್ತದೆ.

ಇವತ್ತು ನರದ ಹೊದಿಕೆಯಿಂದ ಹುಟ್ಟುವ ಗಂಟುಗಳ ಬಗ್ಗೆ ಮಾತಾಡುತ್ತೇನೆ. ಅದೂ ಕ್ಯಾನ್ಸರ್ ಅಲ್ಲದ, ಸಾಧು ಗಂಟುಗಳ ಬಗ್ಗೆ. ಇವುಗಳಲ್ಲಿ ಕೆಲವು ಮೈಕ್ರೋಸ್ಕೋಪಿನ ಕೆಳಗೆ ಬೇರೆಯದೇ ವೇಷ ಹಾಕಿಕೊಂಡು ಬರುತ್ತವೆ. ಆ ವೇಷಕ್ಕೆ ಒಂದು ಸಲ ನಾನೂ ಮೋಸ ಹೋಗುವುದರಲ್ಲಿದ್ದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಕೆಲಸಕ್ಕೆ ಸೇರಿ ಆಗ ಎರಡು ವರ್ಷವೂ ಆಗಿರಲಿಲ್ಲ. ಮುಂಗೈಯಿಂದ ತೆಗೆದ ಒಂದು ಗಂಟು ಡಬ್ಬಿಯಲ್ಲಿ ಬಂತು. ಜೊತೆಗಿದ್ದ ಚೀಟಿಯಲ್ಲಿ ಬರೆದದ್ದು ಇಷ್ಟೇ: ಗಂಡಸು, 62 ವರ್ಷ, ಮುಂಗೈ ಗಂಟು. ಎಷ್ಟು ದಿನದಿಂದ ಇದೆ, ನೋವಿತ್ತಾ, ಯಾವ ನರದ ಹತ್ತಿರ ಇತ್ತು, ಒಂದೂ ಇಲ್ಲ. ಸ್ಲೈಡ್ ಮಾಡಿ ಕಣ್ಣಿಟ್ಟೆ. ಎದೆ ಧಸಕ್ಕೆಂದಿತು. ಜೀವಕೋಶಗಳ ನ್ಯೂಕ್ಲಿಯಸ್ ಅಂದರೆ ನಡುವಿನ ಬೀಜ. ಅದು ಸಾಮಾನ್ಯವಾಗಿ ಇರುವುದಕ್ಕಿಂತ ನಾಲ್ಕೈದು ಪಟ್ಟು ದೊಡ್ಡದಾಗಿತ್ತು. ಕಪ್ಪಾಗಿ, ಅಡ್ಡಾದಿಡ್ಡಿಯಾಗಿ, ಕೆಲವು ಕಡೆ ಎರಡು ಮೂರು ಒಂದೇ ಕೋಶದಲ್ಲಿ ತುಂಬಿಕೊಂಡಿದ್ದವು. ಓದಿನಲ್ಲಿ ಇಂಥ ಬೀಜ ಕಂಡರೆ ಕ್ಯಾನ್ಸರ್ ನೆನೆಸಿಕೊಳ್ಳಿ ಅಂತಲೇ ಕಲಿಸಿದ್ದರು. ಪೆನ್ಸಿಲ್ಲಿನಲ್ಲಿ "ಸಾರ್ಕೋಮಾ?" ಅಂತ ಬರೆದೆ. ಸಾರ್ಕೋಮಾ ಅಂದರೆ ಮಾಂಸ, ಕೊಬ್ಬು, ನರದಂಥ ಮೆತ್ತಗಿನ ಭಾಗಗಳಲ್ಲೂ ಎಲುಬಿನಲ್ಲೂ ಹುಟ್ಟುವ ಕ್ಯಾನ್ಸರ್. ಮುಂಗೈಯಲ್ಲಿ ಅದು ಅಂತ ಬರೆದರೆ ಸುತ್ತಲಿನ ಮಾಂಸವನ್ನೆಲ್ಲ ಅಗಲವಾಗಿ ತೆಗೆಯಬೇಕಾಗುತ್ತದೆ. ಕೆಲವೊಮ್ಮೆ ಕೈಯನ್ನೇ.

ಯಾಕೋ ಮನಸ್ಸು ಒಪ್ಪಲಿಲ್ಲ. ಎದ್ದು ವಾರ್ಡಿಗೆ ಹೋದೆ. ಅಲ್ಲಿ ಕೂತಿದ್ದವರು ಇಳಕಲ್ ಕಡೆಯ ನೇಕಾರರು. ಜೀವನವೆಲ್ಲ ಮಗ್ಗದ ಮುಂದೆ ಕಳೆದವರು.

"ಅಜ್ಜಾರ, ಈ ಗಂಟು ಯಾವಾಗಿಂದ ಐತ್ರಿ?" ಅಂದೆ.

"ನನ್ನ ಎರಡನೇ ಮಗನ ಲಗ್ನದಾಗ ಇದು ಶೇಂಗಾ ಬೀಜದಷ್ಟು ಇತ್ರಿ ಅಕ್ಕಾರ. ಈಗ ಆ ಮಗನ ಮಗಳು ಕಾಲೇಜಿಗೆ ಹೊಂಟಾಳ."

"ಮುಟ್ಟಿದ್ರ ಏನರ ಆಗ್ತಿತ್ತೇನ್ರಿ?"

"ಒತ್ತಿದ್ರ ಬೆರಳಿನ ತನಕ ಜುಂ ಅಂತಿತ್ರಿ. ಆ ಕಡೆ ಈ ಕಡೆ ಅಳ್ಳಾಡ್ತಿತ್ತು. ಮ್ಯಾಲ ಕೆಳಗ ಹೋಗ್ತಿರಲಿಲ್ಲ."

ನನಗೆ ಬೇಕಾದದ್ದೆಲ್ಲ ಆ ಮೂರು ಮಾತಿನಲ್ಲಿ ಇತ್ತು. ಹದಿನೆಂಟು ಇಪ್ಪತ್ತು ವರ್ಷ ಸುಮ್ಮನೆ ಕೂತ ಗಂಟು. ಒತ್ತಿದರೆ ನರದ ದಾರಿಯಲ್ಲಿ ಜುಮ್ಮೆನ್ನುವುದು. ನರಕ್ಕೆ ಅಡ್ಡಲಾಗಿ ಅಳ್ಳಾಡುತ್ತದೆ, ನರದ ಉದ್ದಕ್ಕೆ ಅಳ್ಳಾಡುವುದಿಲ್ಲ. ಇದು ನರದ ಗಂಟಿನ ಗುರುತು. ವಾಪಸ್ ಬಂದು ಆ ಗಂಟಿನ ಉಳಿದ ಭಾಗವನ್ನೆಲ್ಲ ಮೇಣದಲ್ಲಿ ಕೂರಿಸಿ ನೋಡಿದೆ. ಮೂಲೆಯೊಂದರಲ್ಲಿ ಅದರ ನಿಜ ಮುಖ ಸಿಕ್ಕಿತು.

ಆ ನಿಜ ಮುಖ ಯಾವುದು ಅಂತ ಹೇಳಬೇಕಾದರೆ ಮೊದಲು ನರ ಹೇಗಿದೆ ನೋಡೋಣ. ಬೋರ್‌ವೆಲ್ ಮೋಟರಿನ ವೈರ್ ನೋಡಿದ್ದೀರಿ. ಒಳಗೆ ತಾಮ್ರದ ಎಳೆ, ಮೇಲೆ ಪ್ಲಾಸ್ಟಿಕ್. ನಮ್ಮ ನರದಲ್ಲೂ ಹಾಗೆಯೇ. ಸುದ್ದಿ ಹೊರುವ ಎಳೆ ಒಳಗೆ, ಅದರ ಸುತ್ತ ಕೋಶಗಳ ಹೊದಿಕೆ. ಜರ್ಮನಿಯ ಥಿಯೋಡೋರ್ ಶ್ವಾನ್ (1810–1882) ಈ ಹೊದಿಕೆಯ ಕೋಶಗಳನ್ನು ಗುರುತಿಸಿದರು. ಅದಕ್ಕೇ ಇವು ಶ್ವಾನ್ ಕೋಶಗಳು. ಇವು ಎಳೆಯ ಸುತ್ತ ಮತ್ತೆ ಮತ್ತೆ ಸುತ್ತಿಕೊಂಡು ಕೊಬ್ಬಿನ ಪದರ ಕಟ್ಟುತ್ತವೆ. ಆ ಪದರ ದಪ್ಪವಿರುವ ನರದಲ್ಲಿ ಸುದ್ದಿ ಸೆಕೆಂಡಿಗೆ 100 ಮೀಟರಿನಷ್ಟು ಓಡಬಲ್ಲದು. ಪದರ ಇಲ್ಲದ ಸಣ್ಣ ಎಳೆಯಲ್ಲಿ ಸುಮಾರು ಒಂದು ಮೀಟರ್. ಇಂಥ ಎಳೆಗಳ ಕಟ್ಟಿನ ಸುತ್ತ ಇನ್ನೊಂದು ಬಿಗಿಯಾದ ಹೊದಿಕೆ ಇದೆ, ಪೆರಿನ್ಯೂರಿಯಂ ಅಂತ. ಶ್ವಾನ್ ಕೋಶ ಅತಿಯಾಗಿ ಬೆಳೆದರೆ ಶ್ವಾನೋಮಾ. ಪೆರಿನ್ಯೂರಿಯಂ ಬೆಳೆದರೆ ಪೆರಿನ್ಯೂರಿಯೋಮಾ. ಎಲ್ಲ ಬಗೆಯ ಕೋಶಗಳೂ ಎಳೆಗಳ ಜೊತೆ ಕಲಸಿಕೊಂಡು ಬೆಳೆದರೆ ನ್ಯೂರೋಫೈಬ್ರೋಮಾ.

ನಾವು ಗಂಟನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಕೂರಿಸಿ, ಸುಮಾರು 4 ಮೈಕ್ರಾನ್ ತೆಳುವಾಗಿ ಕತ್ತರಿಸುತ್ತೇವೆ. ತಲೆಗೂದಲಿನ ದಪ್ಪದಲ್ಲಿ ಇಂಥ ಹದಿನೈದು ಇಪ್ಪತ್ತು ಪದರ ಹಿಡಿಯುತ್ತವೆ. ಆಮೇಲೆ ಬಣ್ಣ. ಬೀಜ ನೀಲಿ, ಉಳಿದದ್ದು ಗುಲಾಬಿ. ನೀಲಿ ಬಣ್ಣ ಬರುವುದು ಒಂದು ಮರದ ಕಟ್ಟಿಗೆಯಿಂದ. ಮಧ್ಯ ಅಮೆರಿಕದ ಕಡೆಯ ಮರ. ಅಲ್ಲಿ ಅದರಿಂದ ಬಟ್ಟೆಗೂ ಬಣ್ಣ ಹಾಕುತ್ತಿದ್ದರು. ಇಳಕಲ್, ಗುಳೇದಗುಡ್ಡದ ಜನಕ್ಕೆ ಇದನ್ನು ಹೇಳುವಾಗ ನನಗೆ ಖುಷಿಯಾಗುತ್ತದೆ.

ಶ್ವಾನೋಮಾದಲ್ಲಿ ಎರಡು ಬಗೆಯ ಜಾಗ ಕಾಣುತ್ತವೆ. ಸ್ವೀಡನ್ನಿನ ನೀಲ್ಸ್ ಆಂಟೋನಿ 1920ರಲ್ಲಿ ಇವನ್ನು ಬೇರೆ ಮಾಡಿ ಹೇಳಿದರು. ಆಂಟೋನಿ ಎ ಅಂದರೆ ಕೋಶಗಳು ಒತ್ತೊತ್ತಾಗಿ ಹೆಣೆದ ಜಾಗ. ಆಂಟೋನಿ ಬಿ ಅಂದರೆ ಸಡಿಲವಾದ, ನೀರು ನೀರಾದ ಜಾಗ. ಎ ಜಾಗದಲ್ಲಿ ಒಂದು ಚಂದದ ನೋಟ ಸಿಗುತ್ತದೆ. ಬೀಜಗಳು ಎರಡು ಸಾಲಾಗಿ ಎದುರು ಬದುರು ನಿಲ್ಲುತ್ತವೆ, ನಡುವೆ ಬೀಜವೇ ಇಲ್ಲದ ಗುಲಾಬಿ ಪಟ್ಟಿ. ಮದುವೆ ಊಟದಲ್ಲಿ ಪಂಕ್ತಿ ಕೂತಿರುತ್ತಲ್ಲ, ಹಾಗೇ. ಆ ಕಡೆ ಒಂದು ಸಾಲು, ಈ ಕಡೆ ಒಂದು ಸಾಲು, ನಡುವೆ ಬಡಿಸುವವರು ಓಡಾಡುವ ಜಾಗ. ಇದಕ್ಕೆ ವೆರೋಕೆ ಬಾಡಿ ಅನ್ನುತ್ತಾರೆ. ಉರುಗ್ವೆಯಲ್ಲಿ ಹುಟ್ಟಿ ಪ್ರಾಗ್‌ನಲ್ಲಿ ಕೆಲಸ ಮಾಡಿದ ಹೋಸೆ ವೆರೋಕೆ 1910ರಲ್ಲಿ ಈ ಗಂಟುಗಳ ಬಗ್ಗೆ ಬರೆದರು. ಅವರ ಹೆಸರೇ ಉಳಿಯಿತು.

ಅಜ್ಜಾರ ಗಂಟಿನ ಮೂಲೆಯಲ್ಲಿ ನನಗೆ ಸಿಕ್ಕದ್ದು ಇಂಥ ಎರಡು ಪಂಕ್ತಿ. ಹೊಲಿಗೆ ಬಿಚ್ಚಿಸಲು ಬಂದ ದಿನ ಅವರನ್ನು ಲ್ಯಾಬಿಗೆ ಕರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ. ಏನೂ ಹೇಳಿಕೊಟ್ಟಿರಲಿಲ್ಲ. ಸ್ವಲ್ಪ ಹೊತ್ತು ನೋಡಿ, "ಇಲ್ಲಿ ನೇಯ್ಗಿ ಬಿಗಿ ಐತ್ರಿ ಅಕ್ಕಾರ. ಇತ್ತಾಗ ಎಳಿ ಎಲ್ಲಾ ಸಡ್ಲ ಬಿದ್ದಾವ" ಅಂದರು. ಆಂಟೋನಿ ಎ, ಆಂಟೋನಿ ಬಿ. ಓದುವ ಹುಡುಗರಿಗೆ ಅದನ್ನು ಕಾಣಿಸಲು ನನಗೆ ವಾರಗಳು ಬೇಕಾಗುತ್ತವೆ.

ಹಾಗಾದರೆ ಆ ಭಯಂಕರ ಬೀಜಗಳು ಏನು? ಅದಕ್ಕೆ 'ಏನ್ಷಿಯಂಟ್ ಶ್ವಾನೋಮಾ' ಅನ್ನುತ್ತಾರೆ, ಅಂದರೆ ಪುರಾತನ ಗಂಟು. 1951ರಲ್ಲಿ ಆಕರ್‌ಮನ್ ಮತ್ತು ಟೇಲರ್ ಎಂಬ ಇಬ್ಬರು ಎದೆಗೂಡಿನ ಗಂಟುಗಳನ್ನು ನೋಡುವಾಗ ಈ ಹೆಸರು ಕೊಟ್ಟರು. ವರ್ಷಗಟ್ಟಲೆ ನಿಧಾನ ಬೆಳೆದ ಗಂಟು ಒಳಗೊಳಗೇ ಸವೆಯುತ್ತದೆ. ನಮ್ಮ ಹಳ್ಳಿಯ ಹಳೆ ವಾಡೆಗಳನ್ನು ನೆನೆಸಿಕೊಳ್ಳಿ. ಗಿಲಾವು ಉಬ್ಬಿ ಬಿದ್ದಿರುತ್ತದೆ, ತೊಲೆ ಬಾಗಿರುತ್ತದೆ, ಗೋಡೆಯಲ್ಲಿ ನೀರಿನ ಕಲೆ. ಯಾರೂ ಬಂದು ಒಡೆದಿಲ್ಲ, ಕಾಲ ಮಾಡಿದ ಕೆಲಸ. ಈ ಗಂಟಿನಲ್ಲೂ ರಕ್ತನಾಳದ ಗೋಡೆ ದಪ್ಪಗಾಗಿ ಗಾಜಿನಂತೆ ಹೊಳೆಯುತ್ತದೆ. ಹಳೆಯ ರಕ್ತ ಸೋರಿ ಕಂದು ಕಬ್ಬಿಣದ ಕಲೆ ಉಳಿದಿರುತ್ತದೆ. ಅಲ್ಲಲ್ಲಿ ನೀರು ತುಂಬಿದ ಪೊಳ್ಳು, ಸುಣ್ಣದ ಹರಳು. ಕೋಶಗಳೂ ಮುದಿಯಾಗುತ್ತವೆ, ಬೀಜ ಊದಿ ಮಸಿ ಬಳಿದಂತೆ ಕಪ್ಪಾಗುತ್ತದೆ.

ಕ್ಯಾನ್ಸರಿನ ಬೀಜಕ್ಕೂ ಇದಕ್ಕೂ ವ್ಯತ್ಯಾಸ ಹೇಗೆ? ಒಂದು ಮುಖ್ಯ ಗುರುತು, ಕೋಶ ಒಡೆದು ಎರಡಾಗುತ್ತಿದೆಯೇ ಅನ್ನುವುದು. ಕ್ಯಾನ್ಸರಿನಲ್ಲಿ ಒಡೆಯುವ ಕೋಶಗಳು ಜಾಸ್ತಿ ಕಾಣುತ್ತವೆ. ಪುರಾತನ ಗಂಟಿನಲ್ಲಿ ಬೀಜ ನೋಡಲು ರಾಕ್ಷಸ, ಆದರೆ ಒಡೆಯುವ ಕೋಶ ಹುಡುಕಿದರೂ ಸಿಗುವುದು ಕಷ್ಟ. ನಾನು ಆ ದಿನ ಗಾಬರಿಯಲ್ಲಿ ಅದನ್ನು ಎಣಿಸಿಯೇ ಇರಲಿಲ್ಲ. ಇವತ್ತಿಗೂ ವಿಕಾರವಾದ ಬೀಜ ಕಂಡ ಕೂಡಲೇ ನನ್ನ ಕೈ ಮೊದಲು ಎಣಿಕೆಗೆ ಹೋಗುತ್ತದೆ.

ಇದರ ತಿರುವುಮುರುವು ಇನ್ನೊಂದಿದೆ. 'ಸೆಲ್ಯುಲರ್ ಶ್ವಾನೋಮಾ' ಅಂತ. ಅದರಲ್ಲಿ ಬೀಜಗಳು ಸಾಧುವಾಗಿಯೇ ಇರುತ್ತವೆ, ಆದರೆ ಕೋಶಗಳು ಕಿಕ್ಕಿರಿದಿರುತ್ತವೆ. ಪಂಕ್ತಿ ಕಾಣುವುದಿಲ್ಲ. ಒಡೆಯುವ ಕೋಶಗಳೂ ಒಂದಷ್ಟು ಇರುತ್ತವೆ. 1981ರಲ್ಲಿ ಇದನ್ನು ಬೇರೆ ಬಗೆ ಅಂತ ಗುರುತಿಸಿದರು. ಬೆನ್ನುಮೂಳೆಯ ಪಕ್ಕ, ಹೊಟ್ಟೆಯ ಹಿಂಭಾಗ, ಕಟಿಯೊಳಗೆ ಜಾಸ್ತಿ ಬರುತ್ತದೆ. ಪೂರ್ತಿ ತೆಗೆಯದಿದ್ದರೆ ಅಲ್ಲೇ ಮತ್ತೆ ಬೆಳೆಯಬಹುದು. ಆದರೆ ಕ್ಯಾನ್ಸರಿನಂತೆ ಬೇರೆ ಅಂಗಕ್ಕೆ ಹರಡುವ ಜಾತಿಯದಲ್ಲ. ಹೀಗೆ ಎಣಿಕೆಯೊಂದನ್ನೇ ನಂಬಿದರೂ ಮೋಸ ಹೋಗುತ್ತೇವೆ. ಇಲ್ಲಿ ನೆರವಾಗುವುದು ಎಸ್-100 ಎಂಬ ಪರೀಕ್ಷೆ. ಎಸ್-100 ಅನ್ನುವುದು ಶ್ವಾನ್ ಕೋಶದಲ್ಲಿರುವ ಒಂದು ಪ್ರೋಟೀನಿನ ಹೆಸರು. ಪೂರ್ತಿ, ಅಂದರೆ ನೂರಕ್ಕೆ ನೂರು ಅಮೋನಿಯಂ ಸಲ್ಫೇಟ್ ತುಂಬಿದ ದ್ರಾವಣದಲ್ಲೂ ಕರಗಿಯೇ ಇರುತ್ತದೆ, ಅದಕ್ಕೆ ಆ ನೂರು. ಶ್ವಾನೋಮಾದಲ್ಲಿ ಇದು ಉದ್ದಗಲಕ್ಕೂ ಗಾಢ ಕಂದು ಬಣ್ಣ ಕೊಡುತ್ತದೆ. ನರದ ಹೊದಿಕೆಯ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಅಲ್ಲಲ್ಲಿ ಮಾತ್ರ, ಅಥವಾ ಬಣ್ಣ ಬರುವುದೇ ಇಲ್ಲ.

ಇನ್ನು ನಿಜವಾಗಿ ಅಪರೂಪದ ವೇಷಗಳು. ಒಂದರಲ್ಲಿ ಸಣ್ಣ ದುಂಡು ಕೋಶಗಳು ನಡುವಿನ ನಾರಿನ ಗುಡ್ಡೆಯ ಸುತ್ತ ಉಂಗುರ ಕಟ್ಟುತ್ತವೆ. ಕಣದಲ್ಲಿ ಹಂತಿ ಹೊಡೆಯುವಾಗ ಎತ್ತುಗಳು ಮೇಟಿಯ ಸುತ್ತ ತಿರುಗುತ್ತಿದ್ದವಲ್ಲ, ಅದೇ ನೋಟ. ಇದು ಮಕ್ಕಳಲ್ಲಿ ಬರುವ ನ್ಯೂರೋಬ್ಲಾಸ್ಟೋಮಾ ಎಂಬ ಕ್ಯಾನ್ಸರನ್ನು ನೆನಪಿಸುತ್ತದೆ. ಇನ್ನೊಂದರಲ್ಲಿ ಕೋಶಗಳು ಪೊಳ್ಳುಗಳ ಸುತ್ತ ಸಾಲುಗಟ್ಟಿ ಗ್ರಂಥಿಯಂತೆ ಕಾಣುತ್ತವೆ. ಮತ್ತೊಂದು ಬಲೆಯ ಹಾಗೆ ಜಾಳುಜಾಳು. 2008ರಲ್ಲಿ ಬೇರೆ ಮಾಡಿ ಬರೆದ ಈ ಬಗೆ ಜಠರ, ಕರುಳುಗಳಲ್ಲಿ ಕಾಣಿಸುವುದುಂಟು. ಇವನ್ನೆಲ್ಲ ಹಿಡಿಯುವ ದಾರಿ ಒಂದೇ. ಗಂಟಿನ ಬೇರೆ ಮೂಲೆಗಳಲ್ಲಿ ಮಾಮೂಲಿ ಶ್ವಾನೋಮಾ ಇದೆಯಾ ಅಂತ ತಾಳ್ಮೆಯಿಂದ ಹುಡುಕುವುದು, ಎಸ್-100 ಹಾಕಿ ನೋಡುವುದು.

ಕಪ್ಪು ಬಣ್ಣದ ಗಂಟಿನ ಮಾತು ಬೇರೆ. ಶ್ವಾನ್ ಕೋಶ ಮತ್ತು ಚರ್ಮಕ್ಕೆ ಬಣ್ಣ ಕೊಡುವ ಕೋಶ, ಎರಡೂ ಗರ್ಭದಲ್ಲಿ ಒಂದೇ ಕಡೆಯಿಂದ ಹೊರಟು ಬಂದ ದಾಯಾದಿಗಳು. ಹಾಗಾಗಿ ಕೆಲವು ನರದ ಗಂಟುಗಳಲ್ಲಿ ಕಪ್ಪು ಬಣ್ಣ ತುಂಬಿರುತ್ತದೆ. ಇವನ್ನು ನಾವು ಬಹಳ ಕಾಲ 'ಮೆಲನೋಟಿಕ್ ಶ್ವಾನೋಮಾ' ಅಂತ ಕರೆದು ಸಾಧು ಗಂಟುಗಳ ಜೊತೆ ಕೂರಿಸಿದ್ದೆವು. ಇವುಗಳಲ್ಲಿ ಹಲವು ಮರುಕಳಿಸಿ ಹರಡುವುದು ಕಂಡ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2020ರ ವರ್ಗೀಕರಣದಲ್ಲಿ ಇದನ್ನು ಕ್ಯಾನ್ಸರುಗಳ ಸಾಲಿಗೆ ಸೇರಿಸಿತು. ಹಳೆಯ ರಿಪೋರ್ಟಿನಲ್ಲಿ ಈ ಹೆಸರು ಇದ್ದವರು ದಯವಿಟ್ಟು ಮತ್ತೊಮ್ಮೆ ಡಾಕ್ಟರನ್ನು ಕಾಣಬೇಕು. ಇದನ್ನು ನಾನು ಸಭೆಯಲ್ಲಿ ಎರಡು ಸಲ ಹೇಳಿದೆ.

ನ್ಯೂರೋಫೈಬ್ರೋಮಾ ನೋಡಲು ಬೇರೆ ಥರ. ಶ್ವಾನೋಮಾ ತನ್ನದೇ ಚೀಲ ಕಟ್ಟಿಕೊಂಡು ನರದ ಎಳೆಗಳನ್ನು ಪಕ್ಕಕ್ಕೆ ತಳ್ಳುತ್ತದೆ. ಕೈ ನುರಿತ ಸರ್ಜನ್ ಅದನ್ನು ಸಿಪ್ಪೆಯಿಂದ ಶೇಂಗಾ ಬಿಡಿಸಿದಂತೆ ಬಿಡಿಸಿ ನರ ಉಳಿಸಬಲ್ಲರು. ನ್ಯೂರೋಫೈಬ್ರೋಮಾದಲ್ಲಿ ಎಳೆಗಳು ಶಾವಿಗೆ ಹುಗ್ಗಿಯೊಳಗಿನ ಶಾವಿಗೆಯ ಹಾಗೆ ಗಂಟಿನೊಳಗೇ ಹಾದು ಹೋಗಿರುತ್ತವೆ. ಪೂರ್ತಿ ತೆಗೆಯಬೇಕೆಂದರೆ ನರಕ್ಕೂ ಪೆಟ್ಟು ಬೀಳಬಹುದು. ಮೈಕ್ರೋಸ್ಕೋಪಿನಲ್ಲಿ ಇದರ ನಾರುಗಳು ತುರಿದ ಗಜ್ಜರಿಯಂತೆ ಕಾಣುತ್ತವೆ. ಈ ಹೋಲಿಕೆ ನನ್ನದಲ್ಲ, ಜಗತ್ತಿನ ಪೆಥಾಲಜಿಯವರೆಲ್ಲ ಇದನ್ನೇ ಹೇಳುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಅಪರೂಪ ಈ ಗಂಟಿನಲ್ಲೇ ಸಿಗುತ್ತದೆ. ನಮ್ಮ ಬೆರಳ ತುದಿಯ ಚರ್ಮದಲ್ಲಿ ಸ್ಪರ್ಶ ತಿಳಿಯುವ ಪುಟ್ಟ ಅಂಗಗಳಿವೆ. ಪದರದ ಮೇಲೆ ಪದರ ಅಡ್ಡಡ್ಡ ಜೋಡಿಸಿದ ಮೊಟ್ಟೆಯಾಕಾರದ ಉಂಡೆ. ವ್ಯಾಗ್ನರ್ ಮತ್ತು ಮೈಸ್ನರ್ 1852ರಲ್ಲಿ ಇವನ್ನು ವಿವರಿಸಿದರು. ಮಗ್ಗದ ಮೇಲೆ ಒಂದು ಎಳೆ ಕಡಿದರೆ ನೇಕಾರರು ಕಣ್ಣಿಗಿಂತ ಮೊದಲು ಬೆರಳಿನಿಂದ ತಿಳಿಯುವುದು ಇಂಥ ಅಂಗಗಳಿಂದ. ಕೆಲವು ನ್ಯೂರೋಫೈಬ್ರೋಮಾಗಳಲ್ಲಿ, ಅದೂ ಅಲ್ಲಿ ಇಂಥ ಅಂಗ ಇರಲೇಬಾರದ ಜಾಗದಲ್ಲಿ, ಇದೇ ರೂಪದ ಉಂಡೆಗಳು ಗುಂಪು ಗುಂಪಾಗಿ ಸಿಗುತ್ತವೆ. ಅವು ಏನನ್ನೂ ಮುಟ್ಟಿ ತಿಳಿಯುವುದಿಲ್ಲ. ಆದರೂ ದಿಕ್ಕು ತಪ್ಪಿದ ಕೋಶ ತನಗೆ ಗೊತ್ತಿದ್ದ ಕಸುಬನ್ನೇ ಮಾಡಲು ಹೋಗಿರುತ್ತದೆ. ಮೊದಲ ಸಲ ಕಂಡಾಗ ಮಧ್ಯಾಹ್ನದ ಊಟ ಬಿಟ್ಟು ನೋಡುತ್ತಾ ಕೂತಿದ್ದೆ.

ಚರ್ಮದ ಮೇಲೆ ಒಂದೇ ಒಂದು ನ್ಯೂರೋಫೈಬ್ರೋಮಾ ಇದ್ದರೆ ಚಿಂತೆ ಬೇಡ. ಮೈತುಂಬ ಇದ್ದರೆ, ಜೊತೆಗೆ ಚಹಾದ ಕಲೆಯಂಥ ಮಚ್ಚೆಗಳು ದೊಡ್ಡವರಲ್ಲಿ 15 ಮಿಲಿಮೀಟರಿಗಿಂತ ದೊಡ್ಡವು ಆರು ಅಥವಾ ಹೆಚ್ಚು ಇದ್ದರೆ, ಅದು ನ್ಯೂರೋಫೈಬ್ರೋಮಟೋಸಿಸ್ ಇರಬಹುದು. ಫಾನ್ ರೆಕ್ಲಿಂಗ್‌ಹೌಸನ್ 1882ರಲ್ಲಿ ಇದನ್ನು ಬರೆದಿಟ್ಟರು. ಸುಮಾರು 3000 ಜನರಲ್ಲಿ ಒಬ್ಬರಿಗೆ ಇರುತ್ತದೆ. ಮುಟ್ಟಿದರೆ ಹತ್ತುವ ರೋಗವಲ್ಲ. ಹದಿನೇಳನೆಯ ಕ್ರೋಮೋಸೋಮಿನ ಒಂದು ಜೀನಿನ ದೋಷ. ಅರ್ಧದಷ್ಟು ಜನರಲ್ಲಿ ತಂದೆ ತಾಯಿಗೆ ಇರದೆ ಹೊಸದಾಗಿ ಬರುತ್ತದೆ. ಹೆಣ್ಣು ನೋಡಲು ಬಂದವರ ಕಣ್ಣಿಗೆ ಬೀಳದಂತೆ, ಈ ರೋಗವಿದ್ದ ಅಮ್ಮನನ್ನು ಒಳಗೆ ಕೂರಿಸಿದ ಮನೆಯನ್ನು ನಾನು ನೋಡಿದ್ದೇನೆ. ನನಗೆ ತುಂಬಾ ನೋವಾಯಿತು. ಇವರಲ್ಲಿ ಆಳದ ಗಂಟು ಇದ್ದಕ್ಕಿದ್ದಂತೆ ಬೆಳೆದರೆ, ನೋವು ಶುರುವಾದರೆ ತಡ ಮಾಡಬಾರದು. ಅಲ್ಲಿ ಕ್ಯಾನ್ಸರಿನ ಅಪಾಯ ನಿಜವಾಗಿ ಇದೆ.

ಪೆರಿನ್ಯೂರಿಯೋಮಾ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನರದೊಳಗೆ ಬೆಳೆಯುವ ಬಗೆಯಲ್ಲಿ ಒಂದೊಂದು ಎಳೆಯ ಸುತ್ತಲೂ ಕೋಶಗಳು ಪದರ ಪದರವಾಗಿ ಸುತ್ತಿಕೊಂಡಿರುತ್ತವೆ. ಅಡ್ಡ ಕತ್ತರಿಸಿದ ಉಳ್ಳಾಗಡ್ಡಿ ನೋಡಿದವರಿಗೆ ಚಿತ್ರ ಬೇಕಿಲ್ಲ. ಇದರಲ್ಲಿ ಎಸ್-100 ಕೋಶಗಳಿಗೆ ಹತ್ತುವುದಿಲ್ಲ, ಇಎಂಎ ಎಂಬ ಬೇರೆ ಪರೀಕ್ಷೆ ಬೇಕು.

ಈ ಭಾಗದಲ್ಲಿ ನನಗೆ ಹೆಚ್ಚು ಕಳವಳ ಕೊಡುವುದು ನಾಲಿಗೆಯ ಗಂಟು. 'ಗ್ರ್ಯಾನ್ಯುಲರ್ ಸೆಲ್ ಟ್ಯೂಮರ್' ಅಂತ. ರಷ್ಯಾದ ಅಬ್ರಿಕೋಸಾವ್ 1926ರಲ್ಲಿ ವಿವರಿಸಿದರು. 1924ರಲ್ಲಿ ಲೆನಿನ್ ಅವರ ಶವಪರೀಕ್ಷೆ ನಡೆಸಿದ್ದೂ ಅವರೇ. ಈ ಗಂಟು ಮಾಂಸಖಂಡದಿಂದ ಬಂದದ್ದು ಅಂದುಕೊಂಡಿದ್ದರು. ಶ್ವಾನ್ ಕೋಶದ್ದು ಅಂತ ಆಮೇಲೆ ಗೊತ್ತಾಯಿತು. ಕೋಶಗಳ ತುಂಬ ರವೆಯಂಥ ಕಾಳು. ಈ ಗಂಟಿಗೆ ಒಂದು ಕೆಟ್ಟ ಗುಣವಿದೆ. ತಾನು ಕೆಳಗೆ ಕೂತು ಮೇಲಿನ ಚರ್ಮವನ್ನು ಕೆರಳಿಸುತ್ತದೆ. ಆ ಚರ್ಮ ಬೇರುಬಿಟ್ಟಂತೆ ಕೆಳಗಿಳಿದು ಥೇಟ್ ಬಾಯಿ ಕ್ಯಾನ್ಸರಿನಂತೆ ಕಾಣುತ್ತದೆ. ಮೇಲೆ ಮೇಲೆ ಒಂದು ಚೂರು ತೆಗೆದು ಕಳಿಸಿದರೆ ಕೆಳಗಿನ ರವೆ ಕೋಶ ಅದರಲ್ಲಿ ಇರುವುದೇ ಇಲ್ಲ. ನಿಪ್ಪಾಣಿಯ ತಂಬಾಕು, ಅಂಗಡಿ ಅಂಗಡಿಯ ಗುಟ್ಕಾ ನಡುವೆ ಕೆಲಸ ಮಾಡುವ ನಮಗೆ ಬಾಯಿ ಕ್ಯಾನ್ಸರ್ ದಿನದ ಮಾತು. ಮನಸ್ಸು ಮೊದಲು ಅಲ್ಲಿಗೇ ಓಡುತ್ತದೆ. ಹಾಗಂತ ತಂಬಾಕು ತಿನ್ನುವವರು ಇದರಿಂದ ಧೈರ್ಯ ತಂದುಕೊಳ್ಳಬೇಡಿ. ಇಂಥ ಗಂಟು ಬಲು ಅಪರೂಪ, ಬಾಯಿ ಕ್ಯಾನ್ಸರ್ ಅಪರೂಪವಲ್ಲ.

ಕುಷ್ಠರೋಗದ ಬಗ್ಗೆಯೂ ಒಂದು ಮಾತು. ಅದರ ಬ್ಯಾಕ್ಟೀರಿಯಾ ಮನೆ ಮಾಡುವುದು ಇದೇ ಶ್ವಾನ್ ಕೋಶದಲ್ಲಿ. ಮೊಣಕೈ ಹತ್ತಿರದ ನರ ದಪ್ಪಗಾಗಿ, ಕೆಲವೊಮ್ಮೆ ಕೀವುಗಟ್ಟಿ ಗಂಟಿನಂತೆಯೇ ಕಾಣುತ್ತದೆ. ಪಕ್ಕದಲ್ಲಿ ಸ್ಪರ್ಶ ತಿಳಿಯದ ಬಿಳಿಚು ಮಚ್ಚೆ ಇದೆಯಾ ಅಂತ ನೋಡದೆ ಗಂಟು ತೆಗೆಯಲು ಹೋದರೆ ನರವೇ ಹೋಗುತ್ತದೆ. ಅದಕ್ಕೆ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ.

ಕೊನೆಗೆ ಪ್ರಶ್ನೆಗಳು ಬಂದವು. ಸೂಜಿಯಿಂದ ತೆಗೆದ ತುಂಡು ಸಾಕಾಗುವುದಿಲ್ಲವೇ ಅಂತ ಒಬ್ಬ ತಾಯಿ ಕೇಳಿದರು. ಎಷ್ಟೋ ಸಲ ಸಾಕಾಗುತ್ತದೆ. ಆದರೆ ಸೂಜಿ ಪುರಾತನ ಗಂಟಿನ ವಿಕಾರವಾದ ಜಾಗಕ್ಕೇ ಹೋಗಿ ನಿಂತರೆ ನನಗೆ ಪಂಕ್ತಿ ಕಾಣುವುದಿಲ್ಲ. ನರದ ಗಂಟಿಗೆ ಸೂಜಿ ಚುಚ್ಚಿದರೆ ನೋವೂ ಜಾಸ್ತಿ. ಹಾಗಾಗಿ ಮೊದಲು ಎಂಆರ್‌ಐ ನೋಡಿ ತೀರ್ಮಾನ ಮಾಡುವುದು ಒಳ್ಳೆಯದು ಅಂದೆ.

ಎಲ್ಲರೂ ಎದ್ದ ಮೇಲೆ ಒಬ್ಬ ಹುಡುಗ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಕವರ್. ಬೇರೊಂದು ಊರಿನಲ್ಲಿ ಅವನ ತಾಯಿಯ ತೊಡೆಯ ಗಂಟು ತೆಗೆದಿದ್ದಾರೆ, ರಿಪೋರ್ಟಿನಲ್ಲಿ "ಸಾರ್ಕೋಮಾ ಇರುವ ಸಾಧ್ಯತೆ" ಅಂತ ಬರೆದಿದೆ. ಸ್ಲೈಡು ಮತ್ತು ಮೇಣದ ಬ್ಲಾಕು ಕೇಳಿ ತಂದಿದ್ದ. ಹಾಗೆ ಕೇಳಿ ಪಡೆಯಬಹುದು ಅಂತ ಅವನಿಗೆ ಗೊತ್ತಿದ್ದದ್ದೇ ದೊಡ್ಡದು. ದೀಪದ ಬೆಳಕಿಗೆ ಸ್ಲೈಡ್ ಹಿಡಿದು ನೋಡಿದರೆ ಏನೂ ಹೇಳಲು ಬರುವುದಿಲ್ಲಪ್ಪ ಅಂದೆ. ಲ್ಯಾಬಿನ ವೇಳೆ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಸೋಮವಾರ ಅಮ್ಮನನ್ನೂ ಕರೆದುಕೊಂಡು ಬಾ, ಆ ಗಂಟು ಎಷ್ಟು ವರ್ಷದಿಂದ ಇತ್ತು ಅಂತ ಅವರ ಬಾಯಿಂದಲೇ ಕೇಳಬೇಕು ಅಂತ ಹೇಳಿ ಕಳಿಸಿದೆ.